ಅಪಾರ್ಟ್‌ಮೆಂಟಿನ ಟ್ರಾನ್ಸ್‌ಫಾರ್ಮರ್ ಇಷ್ಟು ವಿದ್ಯುತ್ ಕಾರುಗಳನ್ನು ತಾಳೀತೇ? ಬಲ್ಲವರು ಹೇಳಿ

ಕೇಳಿದವರು: ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು 120 ಮನೆಗಳ ಅಪಾರ್ಟ್‌ಮೆಂಟ್. ಆವರಣದಲ್ಲಿ 250 ಕೆವಿಎ (ಸ್ಥೂಲವಾಗಿ ಅಷ್ಟೇ ಕಿಲೋವ್ಯಾಟ್ ಎನ್ನಿ) ಸಾಮರ್ಥ್ಯದ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಒಂಬತ್ತು ಮನೆಯವರು ಈಗಾಗಲೇ ವಿದ್ಯುತ್ ಕಾರು ಕೊಂಡು, ತಮ್ಮ ಮೀಟರಿನಿಂದ ಪಾರ್ಕಿಂಗ್ ಜಾಗಕ್ಕೆ ಕೇಬಲ್ ಎಳೆಸಿಕೊಂಡಿದ್ದಾರೆ. ಇನ್ನೂ ಹದಿನೈದು ಅರ್ಜಿಗಳು ನನ್ನ ಮೇಜಿನ ಮೇಲಿವೆ. ಕಳೆದ ಸಭೆಯಲ್ಲಿ ಜಗಳವೇ ಆಗಿಹೋಯಿತು. ಬೇಸಿಗೆಯಲ್ಲಿ ಎಸಿಗಳ ಹೊರೆಗೇ ತತ್ತರಿಸುವ ರಾಜ್ಯದ ವಿದ್ಯುತ್ ಜಾಲ, ಅಂದರೆ ಗ್ರಿಡ್, ಇಷ್ಟು ಕಾರುಗಳನ್ನು ಹೇಗೆ ಹೊರುತ್ತದೆ, ಹೊಸಬರಿಗೆ ಅನುಮತಿ ಕೊಡಲೇಬೇಡಿ ಎಂದು ಕೆಲವರು. ನಮ್ಮ ಮೀಟರು, ನಮ್ಮ ಬಿಲ್ಲು, ಕೇಳಲು ನೀವು ಯಾರು ಎಂದು ಇನ್ನು ಕೆಲವರು.

ರಾಜ್ಯದ ಗ್ರಿಡ್‌ಗೆ ಇದು ನಿಜವಾಗಿಯೂ ಮೀರಿದ ಹೊರೆಯೇ? ನಮ್ಮ ಆವರಣದ ಮಟ್ಟದಲ್ಲಿ ಮಾಡಬೇಕಾದ್ದೇನು? ಎಲ್ಲೋ ಓದಿದ್ದಕ್ಕಿಂತ ನೀವು ಸ್ವತಃ ಕಂಡದ್ದನ್ನು, ಮಾಡಿದ್ದನ್ನು ಬರೆದರೆ ಉಪಕಾರವಾಗುತ್ತದೆ.

ವಿದ್ಯುತ್ ವಿತರಣೆಯಲ್ಲಿ ದುಡಿದ ನಿವೃತ್ತ ಎಂಜಿನಿಯರ್, ಮೈಸೂರು

ಕಾರ್ಯದರ್ಶಿಗಳೇ, ನನ್ನ ಸೇವಾವಧಿಯೆಲ್ಲ ಸಬ್‌ಸ್ಟೇಷನ್ನು, ಅಲ್ಲಿಂದ ಹೊರಡುವ ಫೀಡರ್ ಲೈನು, ಟ್ರಾನ್ಸ್‌ಫಾರ್ಮರುಗಳ ನಡುವೆಯೇ ಕಳೆದಿದೆ. ತುಸು ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಸಭೆಯಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಒಟ್ಟು ಎಷ್ಟು ಯೂನಿಟ್ ಬೇಕು ಎಂಬುದು ಒಂದು; ಒಂದೇ ಹೊತ್ತಿನಲ್ಲಿ ಎಷ್ಟು ಕಿಲೋವ್ಯಾಟ್ ಎಳೆಯುತ್ತೇವೆ ಎಂಬುದು ಇನ್ನೊಂದು.

ಮೊದಲು ಯೂನಿಟ್ ಲೆಕ್ಕ. ಒಂದು ಕಿಲೋವ್ಯಾಟಿನಂತೆ ಒಂದು ಗಂಟೆ ಎಳೆದರೆ ಒಂದು ಯೂನಿಟ್. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೆ, ಯೂನಿಟ್‌ಗೆ ಏಳು ಕಿಲೋಮೀಟರಿನಂತೆ ಹಿಡಿದರೆ, ಸುಮಾರು 150 ಯೂನಿಟ್ ಸಾಕು. ದಿನಕ್ಕೆ ಐದು. ಕರ್ನಾಟಕದಲ್ಲಿ ಇಂಥ ಕಾರುಗಳು ಹತ್ತು ಲಕ್ಷವಾದವು ಎಂದೇ ಇಟ್ಟುಕೊಳ್ಳಿ. ದಿನಕ್ಕೆ 50 ಲಕ್ಷ ಯೂನಿಟ್ ಆಯಿತು. ಬೇಸಿಗೆಯಲ್ಲಿ ರಾಜ್ಯ ಒಂದು ದಿನಕ್ಕೆ ಬಳಸುವುದು 30 ಕೋಟಿ ಯೂನಿಟ್‌ನ ಆಸುಪಾಸು. ನೂರಕ್ಕೆ ಎರಡು ಭಾಗವೂ ಆಗಲಿಲ್ಲ. ಇಷ್ಟನ್ನು ಹೊಂದಿಸುವುದು ಗ್ರಿಡ್‌ಗೆ ದೊಡ್ಡ ಮಾತಲ್ಲ.

ಈಗ ಅದೇ ಹತ್ತು ಲಕ್ಷ ಕಾರುಗಳು ಸಂಜೆ ಏಳೂವರೆಗೆ ಮನೆಗೆ ಬಂದು, 7 ಕಿಲೋವ್ಯಾಟ್ ಚಾರ್ಜರುಗಳಲ್ಲಿ ಒಟ್ಟಿಗೇ ಚಾರ್ಜ್‌ ಆಗತೊಡಗಿದವು ಎನ್ನಿ. 7,000 ಮೆಗಾವ್ಯಾಟ್! 2024ರ ಬೇಸಿಗೆಯಲ್ಲಿ ಇಡೀ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿದ್ದೇ ಆಗ ದಾಖಲೆಯಾಗಿತ್ತು. ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1,035 ಮೆಗಾವ್ಯಾಟ್. ಸಂಜೆಯ ಒಂದು ಗಂಟೆಗಾಗಿ ಅಂಥ ಏಳು ವಿದ್ಯುದಾಗಾರಗಳನ್ನು ಎಲ್ಲಿಂದ ತರುವುದು? ಎಲ್ಲರೂ ಒಂದೇ ನಿಮಿಷಕ್ಕೆ ಪ್ಲಗ್ ಹಾಕುವುದಿಲ್ಲ, ಒಪ್ಪುತ್ತೇನೆ. ಮೂರರಲ್ಲಿ ಒಬ್ಬರು ಹಾಕಿದರೂ ಸಾಕು, ಬೇಡಿಕೆಗೆ ತಕ್ಕಂತೆ ವಿದ್ಯುತ್ತನ್ನು ಕ್ಷಣಕ್ಷಣವೂ ಸರಿದೂಗಿಸುವ ಲೋಡ್ ಡಿಸ್‌ಪ್ಯಾಚ್ ಕೇಂದ್ರದಲ್ಲಿ ಕುಳಿತವರ ಬೆವರು ಇಳಿಯುತ್ತದೆ.

ಸಂಜೆಯೇ ಏಕೆ ಕಷ್ಟವೆಂದರೆ, ನಮ್ಮಲ್ಲಿ ಬಿಸಿಲಿನ ವಿದ್ಯುತ್ ಬಹಳ ಇದೆ. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವ್ಯಾಟಿನದು. ಮಧ್ಯಾಹ್ನ ಅದು ಧಾರಾಳವಾಗಿ ಕೊಡುತ್ತದೆ. ಹೊತ್ತು ಮುಳುಗಿದ ಮೇಲೆ ಏನೂ ಇಲ್ಲ. ಮನೆಗಳಲ್ಲಿ ದೀಪ, ಟಿವಿ, ಎಸಿ, ಅಡುಗೆಯ ಇಂಡಕ್ಷನ್ ಒಲೆ ಎಲ್ಲವೂ ಏರುವುದು ಆಗಲೇ. ಆ ಹೊತ್ತಿಗೆ ಕೈಹಿಡಿಯುವುದು ಜಲಾಶಯಗಳು. ಮಳೆ ಕೈಕೊಟ್ಟ ವರ್ಷ ಅವೂ ಬರಿದು. 2023ರ ಅಕ್ಟೋಬರ್ ನೆನಪಿಸಿಕೊಳ್ಳಿ: ಬರಗಾಲ, ಒಣಗುತ್ತಿದ್ದ ಬೆಳೆ, ಪಂಪ್‌ಸೆಟ್‌ಗಳ ಬೇಡಿಕೆ ಒಂದೇ ಸಮನೆ ಏರಿ ರಾಜ್ಯವೆಲ್ಲ ಪರದಾಡಿತು.

ಇದಕ್ಕೆ ಪರಿಹಾರ ನಮಗೆ ಹೊಸದಲ್ಲ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ಎಲ್ಲವೂ ಒಟ್ಟಿಗೆ ಓಡಿದರೆ ಯಾವ ಗ್ರಿಡ್ಡೂ ನಿಲ್ಲದು. ಅದಕ್ಕೇ ಫೀಡರುಗಳನ್ನು ಗುಂಪು ಮಾಡಿ ಪಾಳಿಯ ಮೇಲೆ ತ್ರೀ ಫೇಸ್ (ಪಂಪಿನ ಮೋಟಾರಿಗೆ ಬೇಕಾದ ಮೂರು ತಂತಿಯ ವಿದ್ಯುತ್) ಕೊಡುವುದು. ನಡುರಾತ್ರಿ ಎದ್ದು, ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ಹೋಗಿ ಮೋಟಾರ್ ಚಾಲೂ ಮಾಡಿದ ರೈತರನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ಈ ರಾಜ್ಯದ ಗ್ರಿಡ್ ಇಷ್ಟು ಕಾಲ ನಿಂತಿರುವುದರಲ್ಲಿ ಅವರ ನಿದ್ದೆಯ ಪಾಲೂ ಇದೆ. ಮೊಬೈಲಿನಲ್ಲಿ ಸಮಯ ಗೊತ್ತುಮಾಡಿ ಮಲಗಬಹುದಾದ ಕಾರಿನ ಒಡೆಯರು ಪಾಳಿ ಪಾಲಿಸಲು ಒಲ್ಲೆವೆಂದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ನಿಮ್ಮ ಟ್ರಾನ್ಸ್‌ಫಾರ್ಮರ್ ವಿಷಯ. ಮನೆಗೆ 4 ಕಿಲೋವ್ಯಾಟಿನಂತೆ ಮಂಜೂರಾಗಿದ್ದರೂ 120 ಮನೆಗೆ 480 ಆಗುತ್ತದೆ, ಆದರೂ 250 ಕೆವಿಎ ಇಟ್ಟಿದ್ದಾರೆ. ಎಲ್ಲರ ಗೀಸರ್, ಎಲ್ಲರ ಎಸಿ ಒಟ್ಟಿಗೆ ನಡೆಯುವುದಿಲ್ಲ ಎಂಬ ಭರವಸೆಯ ಮೇಲೆ ಆ ಲೆಕ್ಕ ನಿಂತಿದೆ. ಗೀಸರ್ ಅರ್ಧ ಗಂಟೆಯಲ್ಲಿ ನಿಲ್ಲುತ್ತದೆ. ಕಾರು ಹಾಗಲ್ಲ, ಬ್ಯಾಟರಿ ತೀರಾ ಇಳಿದಿದ್ದರೆ ಆರೇಳು ಗಂಟೆ ಒಂದೇ ಸಮ ಎಳೆಯುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಟ್ರಾನ್ಸ್‌ಫಾರ್ಮರ್ ರಾತ್ರಿ ಲೋಡ್ ಇಳಿದಾಗ ತಣ್ಣಗಾಗುತ್ತದೆ. ಆ ಬಿಡುವು ಸಿಗದೆ ಕಾವು ಹೆಚ್ಚಿದಷ್ಟೂ ಒಳಗಿನ ಕಾಗದದ ನಿರೋಧಕ ಬೇಗ ಸವೆಯುತ್ತದೆ. ಒಂದೇ ದಿನ ಸಿಡಿಯುತ್ತದೆ ಎಂದಲ್ಲ, ಅದರ ಆಯುಸ್ಸು ಕಡಿಮೆಯಾಗುತ್ತದೆ.

ಊಹೆ ಬೇಡ, ಅಳೆಯಿಸಿ. ಏಪ್ರಿಲ್ ತಿಂಗಳ ಒಂದು ವಾರ ಪೂರ್ತಿ, ಮೂರೂ ಫೇಸಿನ ಕರೆಂಟನ್ನು ಗಂಟೆಗಂಟೆಗೆ ಬರೆದಿಡುವ ಮೀಟರ್ ಹಾಕಿಸಿ. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಎಷ್ಟು ಜಾಗ ಖಾಲಿ ಇದೆ ಎಂದು ಅದೇ ಹೇಳುತ್ತದೆ. ಮೂರು ಫೇಸ್‌ಗಳನ್ನು ಬೇರೆ ಬೇರೆಯಾಗಿ ನೋಡುವುದನ್ನು ಮರೆಯಬೇಡಿ. ಒಂಬತ್ತು ಸಿಂಗಲ್ ಫೇಸ್ ಚಾರ್ಜರುಗಳಲ್ಲಿ ಆರು ಒಂದೇ ಫೇಸಿನ ಮೇಲೆ ಬಿದ್ದಿದ್ದರೆ ಆ ಫೇಸಿನ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ, ನ್ಯೂಟ್ರಲ್ (ಕರೆಂಟು ಹಿಂತಿರುಗುವ ತಂತಿ) ಬಿಸಿಯಾಗುತ್ತದೆ. ಆಗ ದೂರು ಬರುವುದು ಗ್ರಿಡ್ ಮೇಲೆ, ದೋಷ ಇರುವುದು ನಿಮ್ಮದೇ ಪ್ಯಾನೆಲ್ಲಿನಲ್ಲಿ.

ಇನ್ನೊಂದು ಅಪಾರ್ಟ್‌ಮೆಂಟಿನ ಖಜಾಂಚಿ, ವೈಟ್‌ಫೀಲ್ಡ್

ಎಂಜಿನಿಯರ್ ಸರ್ ಹೇಳಿದ ಅಳತೆಯನ್ನು ನಾವು ಮಾಡಿಸಿದೆವು. ಚರ್ಚೆ ಅಲ್ಲಿಗೇ ತಣ್ಣಗಾಯಿತು, ಏಕೆಂದರೆ ಅಂಕಿಗಳು ಎಲ್ಲರ ಕಣ್ಣೆದುರಿಗಿದ್ದವು. ನಮ್ಮಲ್ಲಿ ಈಗ ನಲವತ್ತು ಕಾರುಗಳಿವೆ. ಪ್ರತಿಯೊಬ್ಬರಿಗೂ 7.2 ಕಿಲೋವ್ಯಾಟ್ ಕೊಡುವುದಾದರೆ 288 ಕಿಲೋವ್ಯಾಟ್ ಬೇಕಿತ್ತು. ಹೊಸ ಟ್ರಾನ್ಸ್‌ಫಾರ್ಮರನ್ನೇ ಕೂರಿಸಬೇಕಾಗುತ್ತಿತ್ತು. ಆದರೆ ನಲವತ್ತು ಕಾರುಗಳಿಗೆ ದಿನಕ್ಕೆ ಬೇಕಾದದ್ದು ಸರಾಸರಿ 200ರಿಂದ 240 ಯೂನಿಟ್. ರಾತ್ರಿಯ ಎಂಟು ಗಂಟೆಗಳಿಗೆ ಹಂಚಿದರೆ ಬರೇ 30 ಕಿಲೋವ್ಯಾಟ್.

ಹಾಗಾಗಿ ಚಾರ್ಜಿಂಗ್‌ಗೆಂದೇ ಒಂದು ಪ್ರತ್ಯೇಕ ಪ್ಯಾನೆಲ್ ಮಾಡಿ, ಒಟ್ಟು ಮಿತಿಯನ್ನು 45 ಕಿಲೋವ್ಯಾಟ್‌ಗೆ ಕಟ್ಟಿಹಾಕಿದೆವು. ಎಷ್ಟು ಕಾರು ಪ್ಲಗ್ ಆಗಿದ್ದರೂ ಚಾರ್ಜರುಗಳು ಆ ಮಿತಿಯೊಳಗೇ ಹಂಚಿಕೊಳ್ಳುತ್ತವೆ. ಕಡಿಮೆ ಕಾರುಗಳಿದ್ದರೆ ಬೇಗ ತುಂಬುತ್ತದೆ, ಹೆಚ್ಚಿದ್ದರೆ ನಿಧಾನ. ಬೆಳಗ್ಗೆ ಆರಕ್ಕೆ ವಿಮಾನ ನಿಲ್ದಾಣಕ್ಕೆ ಹೊರಡಬೇಕಾದವರು ಹಿಂದಿನ ದಿನವೇ ಆ್ಯಪ್‌ನಲ್ಲಿ ಆದ್ಯತೆ ಕೇಳಬಹುದು.

ಇನ್ನೊಂದು ಮಾತನ್ನು ದಯವಿಟ್ಟು ಗಮನಿಸಿ. ಈ ಪ್ಯಾನೆಲ್ಲಿಗೆ ಜನರೇಟರ್ ಸಂಪರ್ಕ ಕೊಡಬೇಡಿ. ಕರೆಂಟ್ ಹೋದಾಗ ಚಾರ್ಜಿಂಗ್ ತಾನಾಗಿ ನಿಲ್ಲಬೇಕು. ಲಿಫ್ಟಿಗೂ ನೀರಿನ ಪಂಪಿಗೂ ಇರುವ ಡೀಸೆಲ್ಲನ್ನು ಕಾರಿಗೆ ಸುಡುವುದು ಹಣದ ದೃಷ್ಟಿಯಿಂದಲೂ ಹೊಗೆಯ ದೃಷ್ಟಿಯಿಂದಲೂ ತಪ್ಪು.

ಸ್ವಂತ ಮನೆಯವರು, ಶಿವಮೊಗ್ಗ

ನಮ್ಮದು ಬಿಡಿ ಮನೆ, ಆದ್ದರಿಂದ ಸಂಘ ಸಭೆಗಳ ತಾಪತ್ರಯವಿಲ್ಲ. ಸಣ್ಣ ಬ್ಯಾಟರಿಯ ಕಾರು. 15 ಆಂಪಿಯರ್ ಸಾಕೆಟ್‌ನಿಂದಲೇ, ಸುಮಾರು 3 ಕಿಲೋವ್ಯಾಟ್‌ನಲ್ಲಿ ರಾತ್ರಿ ಚಾರ್ಜ್ ಮಾಡುತ್ತೇವೆ. ಊರೊಳಗಿನ ಓಡಾಟಕ್ಕೆ ಅದಕ್ಕಿಂತ ವೇಗ ಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಆ ಸಾಕೆಟ್‌ಗೆ ಮೀಟರ್ ಬೋರ್ಡಿನಿಂದಲೇ ದಪ್ಪ ತಂತಿಯ ಬೇರೆ ಲೈನ್, ಬೇರೆ ಎಂಸಿಬಿ (ಹೊರೆ ಮೀರಿದರೆ ತಾನೇ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಮಾಡಿಸಿ. ಹಳೆಯ ಗೀಸರ್ ಲೈನಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಇರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮನೆಯ ಬಳಕೆ 90 ಯೂನಿಟ್ ಇದ್ದದ್ದು ಕಾರಿನ 150 ಸೇರಿದರೆ ಯೋಜನೆಯ 200ರ ಮಿತಿ ದಾಟುತ್ತದೆ, ಆಗ ಪೂರ್ತಿ ಬಿಲ್ ಕಟ್ಟಬೇಕು. ಮಂಜೂರಾದ ಲೋಡ್ ಹೆಚ್ಚಿಸಿಕೊಂಡರೆ ಕಿಲೋವ್ಯಾಟ್ ಲೆಕ್ಕದ ನಿಗದಿ ಶುಲ್ಕವೂ ಏರುತ್ತದೆ. ಹಾಗಿದ್ದೂ ಪೆಟ್ರೋಲಿಗಿಂತ ಅಗ್ಗವೇ. ಆದರೆ ಪುಕ್ಕಟೆ ಎಂದುಕೊಂಡು ಕಾರು ಕೊಳ್ಳಬೇಡಿ.

ಓಸ್ಲೋದಲ್ಲಿರುವ ಕನ್ನಡಿಗ

ನಾರ್ವೆಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ಇಲ್ಲೇ ಇರುವುದರಿಂದ ಎರಡು ಮಾತು. 2024ರಲ್ಲಿ ಇಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 88.9 ಪೂರ್ಣ ವಿದ್ಯುತ್ ಕಾರುಗಳು. ಗ್ರಿಡ್ ಕುಸಿದಿಲ್ಲ. ಹಾಗೆಂದು ನೇರವಾಗಿ ಹೋಲಿಸಬೇಡಿ. ಇಲ್ಲಿಯ ವಿದ್ಯುತ್ತಿನ ಬಹುಪಾಲು ಜಲಾಶಯಗಳಿಂದ ಬರುತ್ತದೆ, ಬೇಕಾದಾಗ ಹರಿಸಬಹುದು. ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವುದೂ ವಿದ್ಯುತ್ತಿನಿಂದಲೇ ಆದ್ದರಿಂದ ಬೀದಿಬೀದಿಯ ತಂತಿಗಳು ಮೊದಲೇ ಗಟ್ಟಿಯಾಗಿದ್ದವು. ತಲಾ ಬಳಕೆ ಭಾರತದ ಹದಿನೈದು ಪಟ್ಟಿಗೂ ಹೆಚ್ಚು.

ಅಷ್ಟಿದ್ದೂ ಇಲ್ಲಿ ಬಿಲ್ಲಿನ ಕ್ರಮ ಬದಲಾಯಿತು ನೋಡಿ, ನಮ್ಮವರು ಗಮನಿಸಬೇಕಾದದ್ದು ಅದನ್ನೇ. 2022ರ ಜುಲೈಯಿಂದ ತಂತಿಯ ಬಾಡಿಗೆಯ (ವಿದ್ಯುತ್ ಜಾಲ ಬಳಸಿದ್ದಕ್ಕೆ ಕೊಡುವ ಶುಲ್ಕದ) ಒಂದು ಭಾಗವನ್ನು, ತಿಂಗಳಲ್ಲಿ ನಾವು ಅತಿ ಹೆಚ್ಚು ಎಳೆದ ಮೂರು ಬೇರೆ ಬೇರೆ ದಿನಗಳ ಗರಿಷ್ಠ ಗಂಟೆಯ ಸರಾಸರಿಯ ಮೇಲೆ ಹಾಕುತ್ತಾರೆ. ಒಲೆ, ಹೀಟರ್, ಕಾರು ಮೂರನ್ನೂ ಒಟ್ಟಿಗೆ ಹಚ್ಚಿದರೆ ಆ ತಿಂಗಳ ಬಿಲ್ಲೇ ಪಾಠ ಹೇಳುತ್ತದೆ. ನಮ್ಮ ಮನೆಯಲ್ಲಿ ಕಾರಿನ ಸರದಿ ಎಲ್ಲರೂ ಮಲಗಿದ ಮೇಲೆ.

ಲಂಡನ್ನಿನಿಂದ

ಪೂರಕವಾಗಿ ಒಂದು ಸಣ್ಣ ವಿಷಯ. ಎಲ್ಲರೂ ರಾತ್ರಿ ಹನ್ನೆರಡಕ್ಕೇ ಟೈಮರ್ ಇಟ್ಟರೆ ಹನ್ನೆರಡಕ್ಕೇ ಹೊಸದೊಂದು ಏರಿಕೆ ಹುಟ್ಟುತ್ತದೆ. ಬ್ರಿಟನ್ನಿನಲ್ಲಿ 2022ರ ಜೂನ್ 30ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಮನೆಗಳಿಗೆ ಮಾರುವ ಹೊಸ ಚಾರ್ಜರುಗಳು ವಾರದ ದಿನಗಳಲ್ಲಿ ಬೆಳಗಿನ 8ರಿಂದ 11 ಮತ್ತು ಸಂಜೆ 4ರಿಂದ 10ರ ಹೊತ್ತನ್ನು ಬಿಟ್ಟು ನಡೆಯುವಂತೆ ಹೊಂದಿಸಿಯೇ ಬರಬೇಕು. ಜೊತೆಗೆ ಒಂದೊಂದು ಚಾರ್ಜರೂ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳದಂತೆ, ಹತ್ತು ನಿಮಿಷದೊಳಗೆ ಯಾವುದೋ ಒಂದು ಕ್ಷಣಕ್ಕೆ ತಡಮಾಡಿ ಶುರುವಾಗುತ್ತದೆ. ಮನೆಯವರು ಬೇಕೆಂದರೆ ಬದಲಿಸಿಕೊಳ್ಳಬಹುದು.

ಕಾರಿಲ್ಲದ ನಿವಾಸಿ, ಬೆಂಗಳೂರು

ಎಲ್ಲರೂ ತಂತ್ರಜ್ಞಾನದ ಮಾತಾಡುತ್ತಿದ್ದೀರಿ. ನನ್ನ ಪ್ರಶ್ನೆ ನ್ಯಾಯದ್ದು. ನಾನು ಬಸ್ಸು, ಮೆಟ್ರೊದಲ್ಲಿ ಓಡಾಡುವವಳು. ನಾಳೆ ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡಬೇಕೆಂದು ಸಂಘ ತೀರ್ಮಾನಿಸಿದರೆ ಇಪ್ಪತ್ತೈದು ಕಾರುಗಳಿಗಾಗಿ 120 ಮನೆಯವರೂ ಏಕೆ ಹಣ ಹಾಕಬೇಕು? ಮೂರನೇ ಮಹಡಿಯಲ್ಲಿ ಪಿಂಚಣಿಯ ಮೇಲೆ ಬದುಕುವ ಹಿರಿಯರಿದ್ದಾರೆ. ಅವರ ಪರವಾಗಿ ಕೇಳುತ್ತಿದ್ದೇನೆ.

ಸಂಘದ ಕಾರ್ಯದರ್ಶಿ

ಮೇಡಂ, ನಮ್ಮ ಸಭೆಯಲ್ಲೂ ಅತ್ಯಂತ ಬಿಸಿಯಾದ ಪ್ರಶ್ನೆ ಇದೇ. ಎಂಜಿನಿಯರ್ ಸರ್, ಇದಕ್ಕೆ ದಾರಿ ಇದೆಯೇ?

ನಿವೃತ್ತ ಎಂಜಿನಿಯರ್, ಮೈಸೂರು

ತಂಗಿ ಕೇಳಿದ್ದು ನೂರಕ್ಕೆ ನೂರು ಸರಿ. ದಾರಿಯೂ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರವು 2024ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ ವಿದ್ಯುತ್ ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ನಮ್ಮ ರಾಜ್ಯದಲ್ಲಿ ಅದಕ್ಕೆ ಬೇರೆ ದರವರ್ಗವೂ ಇದೆ. ಸಂಘದ ಹೆಸರಿನಲ್ಲಿ ಆ ಸಂಪರ್ಕ ಪಡೆದು, ಪ್ಯಾನೆಲ್ಲು, ಕೇಬಲ್ಲು, ಠೇವಣಿ ಎಲ್ಲದರ ಖರ್ಚನ್ನು ಚಾರ್ಜಿಂಗ್ ಬಯಸುವವರಲ್ಲೇ ಹಂಚಿ. ಮುಂದೆ ಬಂದು ಸೇರುವವರು ತಮ್ಮ ಪಾಲು ಕೊಟ್ಟೇ ಸೇರಲಿ. ಬಳಸಿದ ಯೂನಿಟ್‌ಗೆ ಪ್ರತಿ ಪಾಯಿಂಟಿನಲ್ಲೂ ಉಪಮೀಟರ್ ಇರಲಿ. ಕಾರಿಲ್ಲದವರ ನಿರ್ವಹಣಾ ಶುಲ್ಕದಿಂದ ಒಂದು ಪೈಸೆಯೂ ಹೋಗಬಾರದು. ಮನೆಮನೆಯ ಮೀಟರಿನಿಂದ ಒಬ್ಬೊಬ್ಬರೂ ಕೇಬಲ್ ಇಳಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಮೊದಲು ಬಂದ ಒಂಬತ್ತು ಜನರನ್ನೂ ಹೊಸ ಪ್ಯಾನೆಲ್ಲಿಗೆ ಸೇರಿಸಿ.

ಸಮಯದ ಮಿತಿಯನ್ನು ಮಾತ್ರ ಕಲ್ಲಿನಲ್ಲಿ ಕೆತ್ತಬೇಡಿ. ಸ್ಮಾರ್ಟ್ ಮೀಟರ್ ಬಂದಲ್ಲಿ ಹಗಲಿನ ಸೌರ ಅವಧಿಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು, ಸಂಜೆಯ ಬೇಡಿಕೆಯ ಹೊತ್ತಿನಲ್ಲಿ ಹೆಚ್ಚಿರಬೇಕು ಎಂದು ಅದೇ ನಿಯಮದ 2023ರ ತಿದ್ದುಪಡಿ ಹೇಳಿದೆ. ಮನೆಯಿಂದಲೇ ಕೆಲಸ ಮಾಡುವವರು, ನಿವೃತ್ತರು ಮಧ್ಯಾಹ್ನ ಚಾರ್ಜ್ ಮಾಡಿಕೊಳ್ಳಲಿ. ಕಚೇರಿಗೆ ಹೋಗುವವರು ತಮ್ಮ ಕಚೇರಿಯಲ್ಲೇ ಚಾರ್ಜಿಂಗ್ ಪಾಯಿಂಟ್ ಕೇಳಲಿ. ರಾತ್ರಿಯ ಪಾಳಿ ಉಳಿದವರಿಗೆ. ಸಂಜೆ ಆರರಿಂದ ಹತ್ತು ಮಾತ್ರ ಯಾರಿಗೂ ಬೇಡ, ತುರ್ತು ಇದ್ದವರನ್ನು ಬಿಟ್ಟು.

ಅಳತೆಯ ಅಂಕಿಗಳು ಬಂದ ಮೇಲೆ ಇಲ್ಲಿಯೇ ಹಾಕಿ, ಪ್ರತಿ ಫೇಸಿನದನ್ನೂ ಬೇರೆಯಾಗಿ. ಪ್ಯಾನೆಲ್ಲಿಗೆ ಎಷ್ಟು ಕಿಲೋವ್ಯಾಟ್ ಮಿತಿ ಇಡಬೇಕೆಂದು ಕೂತು ಲೆಕ್ಕ ಹಾಕೋಣ.