ಜೋಡಿ ಟೈರ್ ಮೂರನೇ ಸಲ ಬ್ಲಾಸ್ಟ್ ಆಯಿತು, ಟಿಪಿಎಂಎಸ್ ಹಾಕಿಸಿದವರು ಅನುಭವ ಹೇಳಿ

ಎರಡು ಗಾಡಿ ಮಾಲೀಕ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹತ್ತು ಚಕ್ರದ ಲಾರಿ, ಒಂದು ಹದಿನೆಂಟು ಚಕ್ರದ ಟ್ರೇಲರ್ ಇದೆ. ಎಲ್ಲಾ ಟ್ಯೂಬ್‌ಲೆಸ್ ರೇಡಿಯಲ್, 110 ಪೌಂಡ್ ಗಾಳಿ. ಐದು ತಿಂಗಳಲ್ಲಿ ಮೂರು ಟೈರ್ ಸಿಡಿದವು. ಮೂರೂ ಹಿಂದಿನ ಜೋಡಿಯಲ್ಲೇ. ಡ್ರೈವರ್‌ನ ಕೇಳಿದರೆ ಗಾಳಿ ಸರಿಯಾಗಿತ್ತು ಅನ್ನುತ್ತಾನೆ. ಗಾಳಿ, ಬಿಸಿ ಎರಡನ್ನೂ ಕ್ಯಾಬಿನ್‌ನಲ್ಲೇ ತೋರಿಸುವ ಟಿಪಿಎಂಎಸ್ ಹಾಕಿಸೋಣ ಅಂತಿದ್ದೇನೆ. ವಾಲ್ವ್ ಮೇಲೆ ಕೂರುವ ಕ್ಯಾಪ್ ಸೆನ್ಸರ್ ಒಳ್ಳೆಯದಾ, ಟೈರ್ ಒಳಗೆ ಡಿಸ್ಕ್‌ಗೆ (ಚಕ್ರದ ರಿಮ್) ಕಟ್ಟುವುದಾ? ಟ್ರೇಲರ್ ಬಾಲದ ತನಕ ಸಿಗ್ನಲ್ ಬರುತ್ತದಾ? ಬಳಸಿದವರು ಮಾತ್ರ ಹೇಳಿ.

ರಾತ್ರಿ ಲೈನ್:
ಕಣ್ಣು ಮುಚ್ಚಿಕೊಂಡು ಕ್ಯಾಪ್ ಹಾಕಿಸಿ. ನನಗೆ ಆದದ್ದು ಕೇಳಿ. ರಾತ್ರಿ ಎರಡು ಹತ್ತು. ಎಡಗಡೆ ಒಳಗಿನ ಟೈರ್ ಯಾವಾಗಲೋ ಗಾಳಿ ಬಿಟ್ಟಿತ್ತು. ಹೊರಗಿನದು ದಪ್ಪಗೆ ನಿಂತಿತ್ತು, ಹಾಗಾಗಿ ಯಾರಿಗೂ ಕಾಣಲಿಲ್ಲ. ಇಬ್ಬರ ಭಾರ ಒಬ್ಬನೇ ಹೊತ್ತು ಕಾದು ಕಾದು ಹೊರಗಿನದೇ ಮೊದಲು ಸಿಡಿಯಿತು. ಕಿತ್ತ ರಬ್ಬರ್ ಪಟ್ಟಿ ಮಡ್‌ಗಾರ್ಡನ್ನು ಸುತ್ತಿ ಎಳೆಯಿತು, ಬ್ರೇಕ್ ಹೋಸ್ ಕತ್ತರಿಸಿತು. ಏರ್ ಪೂರ್ತಿ ಇಳಿದರೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದಲ್ಲ, ಹಾಗೇ ಜಾಮ್. ಗಾಡಿ ರಸ್ತೆ ಮಧ್ಯದಲ್ಲೇ ನಿಂತಿತು. ಹಿಂದೆ ಲೈಟೂ ಇಲ್ಲ, ವೈರಿಂಗ್ ಹರಿದಿತ್ತು. ಕ್ಲೀನರ್ ಹುಡುಗ ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ಗಾಡಿಯ ಹಿಂದೆ ನಿಂತಿದ್ದ.

ಲೆಕ್ಕ ಡೈರಿಯಲ್ಲಿದೆ. ಟೈರ್ ಎರಡು. ಅದರಲ್ಲಿ ಒಂದು ಓಡಿದ್ದು ಬರೀ 41,000 ಕಿ.ಮೀ., ಇನ್ನೂ 11 ಮಿ.ಮೀ. ಬಟನ್ (ಟೈರ್ ಮೇಲಿನ ಹಲ್ಲು) ಇತ್ತು. ಡಿಸ್ಕ್ ಒಂದು, ಅಂಚು ಬಗ್ಗಿತ್ತು. ಬ್ರೇಕ್ ಹೋಸ್ ಎರಡು. ಮಡ್‌ಗಾರ್ಡ್ ಬ್ರಾಕೆಟ್ ಸಮೇತ. ಟೇಲ್‌ಲೈಟ್ ವೈರಿಂಗ್ ಪೂರ್ತಿ. ಲೋಡ್ 19 ಗಂಟೆ ಲೇಟ್, ಬಾಡಿಗೆಯಲ್ಲಿ ಕಾಲು ಭಾಗ ಕಟ್. ವಾಪಸ್ ಲೋಡ್ ಬೇರೆಯವರ ಪಾಲಾಯಿತು, 640 ಕಿ.ಮೀ. ಖಾಲಿ ಬಂದೆ. ಆ ಒಂದು ರಾತ್ರಿಯ ದುಡ್ಡಲ್ಲಿ ಮೂರು ಗಾಡಿಗೆ ಸೆನ್ಸರ್ ಬರುತ್ತಿತ್ತು.

ಹಾಕಿಸಿದ ಮೇಲೆ ಮೊದಲ 40 ದಿನದಲ್ಲಿ ನಾಲ್ಕು ಅಲಾರಂ. ಮೂರು ಸಣ್ಣ ಪಂಕ್ಚರ್. ನಾಲ್ಕನೆಯದು ಬೇರೆ ತರಹ. ಗಾಳಿ ಇಳಿದಿಲ್ಲ, ಏರಿದೆ. ಬಿಸಿ 86 ಡಿಗ್ರಿ, ಅದೇ ಆಕ್ಸಲ್‌ನ ಆ ಕಡೆ ಟೈರ್ 52. ಇಳಿದು ನೋಡಿದರೆ ಬ್ರೇಕ್ ಬಿಟ್ಟೇ ಇಲ್ಲ, ಲೈನರ್ ಡ್ರಮ್‌ಗೆ ಉಜ್ಜುತ್ತಾ ಹೊಗೆ ಬರುತ್ತಿತ್ತು. ಇನ್ನೊಂದು ಅರ್ಧ ಗಂಟೆ ಬಿಟ್ಟಿದ್ದರೆ ಬೆಂಕಿ.

ಟಾಮಿ ಹಳಬ:
31 ವರ್ಷ ಸ್ಟೇರಿಂಗ್ ಹಿಡಿದಿದ್ದೇನೆ. ಮಗ ತಂದು ಕೊಟ್ಟ ಅಂತ 14 ಕ್ಯಾಪ್ ಹಾಕಿಸಿದೆ. ಕ್ಯಾಪ್ ಸೆನ್ಸರ್ ವಾಲ್ವ್ ಪಿನ್ನನ್ನು ಸದಾ ಒತ್ತಿಕೊಂಡೇ ಕೂತಿರುತ್ತದೆ, ಇಲ್ಲದಿದ್ದರೆ ಅದಕ್ಕೆ ಗಾಳಿ ಗೊತ್ತಾಗುವುದಿಲ್ಲ. ಅಂದರೆ ಗಾಳಿ ತಡೆಯುವುದು ಪಿನ್ ಅಲ್ಲ, ಅದರೊಳಗಿನ ಒಂದು ಪುಟ್ಟ ರಬ್ಬರ್ ವಾಷರ್. ಆ ವಾಷರ್ ಒಣಗಿ ಸೀಳಿತು. ನನ್ನ ಗಾಡಿಯಲ್ಲಿ ಗಾಳಿ ಇಳಿಸಿದ್ದೇ ಸೆನ್ಸರ್! ಸೋಪಿನ ನೀರು ಹಾಕಿ ನೋಡಿದೆ, ಗುಳ್ಳೆ ಗುಳ್ಳೆ ಬರುತ್ತಿತ್ತು.

ಒಳಗಿನ ಟೈರ್ ವಾಲ್ವ್‌ಗೆ ಕೈ ಹೋಗುವುದಿಲ್ಲ ಅಂತ ಎಕ್ಸ್‌ಟೆನ್ಷನ್ ಪೈಪ್ ಹಾಕಿಸಿದೆ. ಅದು ಡಿಸ್ಕ್ ತೂತಿಗೆ ಉಜ್ಜಿ ಉಜ್ಜಿ ಹರಿಯಿತು. ನಾನು ಮಲಗಿದ್ದಾಗ ಮೂರು ಕ್ಯಾಪ್ ಯಾರೋ ಬಿಚ್ಚಿಕೊಂಡು ಹೋದರು. ಎರಡು ಕಲ್ಲು ಬಡಿದು ಹೋದವು. ಉಳಿದವು ಸೀಟಿನ ಕೆಳಗೆ ಡಬ್ಬಿಯಲ್ಲಿವೆ, ಯಾರಿಗಾದರೂ ಬೇಕಾದರೆ ಹೇಳಿ. ಈಗ ಬೆಳಿಗ್ಗೆ ಒಂದು ಸಲ, ಗಾಡಿ ನಿಲ್ಲಿಸಿದಾಗಲೆಲ್ಲ ಒಂದು ಸಲ ಟಾಮಿಯಲ್ಲಿ (ಕಬ್ಬಿಣದ ರಾಡ್) ಟೈರ್‌ಗೆ ಬಡಿಯುತ್ತೇನೆ. ಸದ್ದಿನಲ್ಲೇ ಗೊತ್ತಾಗುತ್ತದೆ.

ರಾತ್ರಿ ಲೈನ್:
ಅಣ್ಣ, ಬೇಜಾರು ಮಾಡ್ಕೋಬೇಡಿ. ಟಾಮಿ ಬಡಿದರೆ ಪೂರ್ತಿ ಕೂತ ಟೈರ್ ಗೊತ್ತಾಗಬಹುದು. 110 ಯಾವುದು, 80 ಯಾವುದು ಗೊತ್ತಾಗುವುದಿಲ್ಲ. ನಾನೇ ಒಂದರಲ್ಲಿ 80ಕ್ಕೆ ಇಳಿಸಿ ಇಬ್ಬರು ಡ್ರೈವರ್‌ಗಳ ಕೈಯಲ್ಲಿ ಬಡಿಸಿ ನೋಡಿದೆ. ಇಬ್ಬರೂ ಎರಡೂ ಸರಿ ಇವೆ ಅಂದರು.

ಟಾಮಿ ಹಳಬ:
ನಿಮ್ಮ ಡ್ರೈವರ್‌ಗಳ ಕಿವಿ ಸರಿ ಇಲ್ಲ, ಅದಕ್ಕೆ ನಾನೇನು ಮಾಡಲಿ.

ಗಾಳಿ ಹೊಡೆಯುವವ:
ನಾನು ಗಾಡಿ ಮಾಲೀಕ ಅಲ್ಲ, ಟೈರ್ ಬಿಚ್ಚುವವನು. 80ರ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 110 ಇರಬೇಕಾದ ಟೈರ್ 88ಕ್ಕಿಂತ ಕೆಳಗೆ ಲೋಡಲ್ಲಿ ಓಡಿತು ಅಂದರೆ ಅದು ಗಾಳಿ ಇಲ್ಲದೆ ಓಡಿದ ಟೈರ್ ಅಂತಲೇ ಲೆಕ್ಕ. ಐದರಲ್ಲಿ ಒಂದು ಪಾಲು ಕಮ್ಮಿ ಆದರೆ ಸಾಕು. ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಮಡಚಿ ಮಡಚಿ ಒಳಗಿನ ಉಕ್ಕಿನ ತಂತಿ ಒಂದೊಂದಾಗಿ ತುಂಡಾಗುತ್ತಿರುತ್ತದೆ. ಹೊರಗೆ ನೋಡಿದರೆ ಏನೂ ಇಲ್ಲ. ಅದಕ್ಕೆ ಮತ್ತೆ ಗಾಳಿ ತುಂಬಿದರೆ ಚೈನ್ ಎಳೆದ ಬ್ಯಾಗಿನ ಹಾಗೆ ಒಂದೇ ಸಲ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ.

ಒಬ್ಬ ಡ್ರೈವರ್ ಬಂದ. ಲೋಡ್ ಗಾಡಿ, ಅವಸರ. ಬಿಚ್ಚಬೇಡ, ಬರೀ ಗಾಳಿ ಹೊಡಿ ಅಂದ. ನಾನೂ ಹೊಡೆದೆ, ತಪ್ಪು ನನ್ನದೂ ಹೌದು. 60 ಪೌಂಡ್ ದಾಟುವಾಗ ಸೈಡ್‌ವಾಲ್ ಒಳಗಿಂದ ಪಟ್, ಪಟ್ ಅಂತ ಸದ್ದು. ಮೂರನೇ ಪಟ್‌ಗೆ ಕೈ ತೆಗೆದೆ, ಪೂರ್ತಿ ತೆಗೆಯಲು ಆಗಲಿಲ್ಲ. ಬಲಗೈ ಮುಂಗೈ ಎರಡು ಕಡೆ ಮುರಿಯಿತು, 11 ವಾರ ಕೆಲಸ ಇಲ್ಲ. ಎಡಗಿವಿಯಲ್ಲಿ ಈಗಲೂ ಗುಂಯ್ ಅನ್ನುತ್ತದೆ. ಆ ಡ್ರೈವರ್ ಬೇರೆ ಟೈರ್ ಹಾಕಿಸಿಕೊಂಡು ಹೊರಟೇ ಹೋದ. ಈಗ ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದ ಹೋಸ್ ಹಾಕಿ, ದೂರ ನಿಂತು ಹೊಡೆಯುತ್ತೇನೆ. ಬೈಯುವವರು ಬೈಯಲಿ. ಸೆನ್ಸರ್ ಕೂಗಿದ್ದರೂ ಓಡಿಸಿಕೊಂಡು ಬಂದು, ಸ್ವಲ್ಪ ಗಾಳಿ ಹೊಡಿ ಗುರು ಅನ್ನುವವರೇ ಜಾಸ್ತಿ.

ಆರು ವರ್ಷದ ಸೆಟ್:
ನಾನು ಒಳಗೆ ಕಟ್ಟುವುದನ್ನೇ ಹಾಕಿಸಿದ್ದು. ಕಳ್ಳರಿಗೆ ಕಾಣುವುದಿಲ್ಲ, ಕಲ್ಲು ಬಡಿಯುವುದಿಲ್ಲ. ಬಿಸಿಯೂ ಸರಿಯಾಗಿ ಹೇಳುತ್ತದೆ. ಕ್ಯಾಪ್ ಹೊರಗೆ ಗಾಳಿಗೆ ಒಡ್ಡಿಕೊಂಡಿರುತ್ತದೆ, ಅದು ತೋರಿಸುವ ಬಿಸಿ ಸಾಮಾನ್ಯವಾಗಿ ಕಮ್ಮಿ. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ಲಾರಿಗಳಿಗೂ ದೊಡ್ಡ ಟ್ರೇಲರ್‌ಗಳಿಗೂ ಟಿಪಿಎಂಎಸ್ ಕಡ್ಡಾಯ, ಸುಮ್ನೆ ಮಾಡಿದ್ದಾರಾ?

ಆದರೆ ಕಷ್ಟವೂ ಹೇಳುತ್ತೇನೆ. 18 ಟೈರ್ ಬಿಚ್ಚಿ ಕಟ್ಟಲು ಎರಡೂವರೆ ದಿನ ಗಾಡಿ ನಿಂತಿತು. ಬಿಚ್ಚುವ ಹುಡುಗ ಲಿವರ್ ಹಾಕಿ ಎರಡು ಸೆನ್ಸರ್ ಪುಡಿ ಮಾಡಿದ. ಆಮೇಲೆ ಪ್ರತಿ ಪಂಕ್ಚರ್‌ಗೂ ಒಳಗೆ ಸೆನ್ಸರ್ ಇದೆ ಅಂತ ಸೀಮೆಸುಣ್ಣದಲ್ಲಿ ಬರೆಯುವುದೇ ಕೆಲಸ. ಆರನೇ ವರ್ಷ ಬ್ಯಾಟರಿ ಸತ್ತವು. ಬ್ಯಾಟರಿ ಬದಲಾಯಿಸಲು ಬರುವುದಿಲ್ಲ, ಸೀಲ್. ಒಂದು ಸತ್ತ ನಾಲ್ಕು ತಿಂಗಳಲ್ಲಿ ಒಂಬತ್ತು ಸತ್ತವು. ಪೂರ್ತಿ ಸೆಟ್ ಮತ್ತೆ. ಆದರೂ ಅದನ್ನೇ ಹಾಕಿಸಿದೆ.

ಬಿಸಿಲು ರೂಟ್:
ನನ್ನದೂ ಕ್ಯಾಪ್. ಮಧ್ಯಾಹ್ನ ಆದರೆ ಸಾಕು 122, 124 ತೋರಿಸಿ ಕಿರುಚುತ್ತದೆ. ನಿಲ್ಲಿಸಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟು 110ಕ್ಕೆ ತರುತ್ತೇನೆ. ದಿನಾ ಇದೇ ಗೋಳು.

ರಾತ್ರಿ ಲೈನ್:
ಅಯ್ಯೋ, ಬಿಸಿ ಟೈರ್‌ನಿಂದ ಗಾಳಿ ಬಿಡುತ್ತೀರಾ!

ಆರು ವರ್ಷದ ಸೆಟ್:
ಸ್ವಾಮಿ, 110 ಅನ್ನುವುದು ತಣ್ಣಗಿದ್ದಾಗಿನ ಲೆಕ್ಕ. 25 ಡಿಗ್ರಿಯಲ್ಲಿ 110 ಹೊಡೆದ ಟೈರ್ ಒಳಗೆ 55 ಡಿಗ್ರಿ ಆದರೆ 122 ಆಗಲೇಬೇಕು. ಆಗಿಲ್ಲ ಅಂದರೇ ಯೋಚನೆ ಮಾಡಬೇಕು. ಬಿಸಿಯಲ್ಲಿ 110ಕ್ಕೆ ಇಳಿಸಿದರೆ ಮಾರನೇ ದಿನ ಬೆಳಿಗ್ಗೆ 98ರಲ್ಲಿ ಹೊರಡುತ್ತೀರಿ. ಕಮ್ಮಿ ಗಾಳಿಗೆ ಸೈಡ್‌ವಾಲ್ ಇನ್ನೂ ಜಾಸ್ತಿ ಮಡಚುತ್ತದೆ, ಇನ್ನೂ ಬಿಸಿ, ಮತ್ತೆ ಅಲಾರಂ, ಮತ್ತೆ ಬಿಡುತ್ತೀರಿ. ಅಲಾರಂನ ಮೇಲಿನ ಮಿತಿ ಎಷ್ಟಕ್ಕೆ ಇಟ್ಟಿದ್ದೀರಿ, ಅದನ್ನು ಮೊದಲು ನೋಡಿ.

ಬಿಸಿಲು ರೂಟ್:
ಅಂಗಡಿಯವನು ಹಾಗೇ ಸೆಟ್ ಮಾಡಿಕೊಟ್ಟಿದ್ದ. ನನ್ನ ಮೇಲೆ ಯಾಕೆ ಕೂಗಾಡುತ್ತೀರಿ.

ನೈಟ್ರೋಜನ್ ನಂಬಿದವ:
ಇದಕ್ಕೇ ನೈಟ್ರೋಜನ್ ಹಾಕಿಸಿ ಅನ್ನುವುದು. ಬಿಸಿಗೆ ಹಿಗ್ಗುವುದಿಲ್ಲ. ಎರಡು ವರ್ಷ ಆಯಿತು, ಒಂದೂ ಬ್ಲಾಸ್ಟ್ ಇಲ್ಲ.

ಗಾಳಿ ಹೊಡೆಯುವವ:
ಹಿಗ್ಗುವುದಿಲ್ಲ ಅಂತ ಯಾರು ಹೇಳಿದ್ದು? ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಎರಡೂ ಹೆಚ್ಚುಕಮ್ಮಿ ಒಂದೇ ತರಹ ಹಿಗ್ಗುತ್ತವೆ. ತೇವ ಇರುವುದಿಲ್ಲ, ಅದೊಂದು ಲಾಭ ಒಪ್ಪುತ್ತೇನೆ. ನಿಮ್ಮ ಟೈರ್ ಸಿಡಿಯದಿದ್ದದ್ದು ನೈಟ್ರೋಜನ್ ಹಾಕಿಸುವ ನೆಪದಲ್ಲಿ ವಾರಕ್ಕೊಮ್ಮೆ ಮೀಟರ್ ಹಿಡಿದು ನೋಡಿದಿರಲ್ಲ, ಅದಕ್ಕೆ.

ನೈಟ್ರೋಜನ್ ನಂಬಿದವ:
ನನ್ನ ಮೀಟರ್‌ನಲ್ಲಿ ಬೆಳಿಗ್ಗೆ 110, ಮಧ್ಯಾಹ್ನ 112. ಫೋಟೋ ಇದೆ, ಹಾಕುತ್ತೇನೆ.

ಟಾಮಿ ಹಳಬ:
ಯುರೋಪ್ ಕಾನೂನು ಹೇಳಿದವರಿಗೆ ಒಂದು ಮಾತು. ನನ್ನ ಮುಂದಿನ ಟೈರ್ ಸಿಡಿದದ್ದು ಗುಂಡಿಯ ಅಂಚಿಗೆ ಬಡಿದು. ಗಾಳಿ ಸರಿಯಾಗಿತ್ತು, ಬಿಸಿ ಸರಿಯಾಗಿತ್ತು, ಕ್ಯಾಪ್ ಕೂಡ ಇತ್ತು. ಸಿಡಿದ ಮೇಲೆ ಕೂಗಿತು. ಆಗ ಬ್ರೇಕ್ ಒತ್ತದೆ, ಆಕ್ಸಿಲೇಟರ್ ತಟ್ಟನೆ ಬಿಡದೆ, ಸ್ಟೇರಿಂಗ್ ಬಿಗಿಯಾಗಿ ಹಿಡಿದು ತಾನಾಗಿ ನಿಧಾನ ಆಗಲು ಬಿಟ್ಟೆ. ಅದನ್ನು ಯಾವ ಸೆನ್ಸರ್ ಕಲಿಸಿತು?

ರಾತ್ರಿ ಲೈನ್:
ಬಡಿದು ಒಡೆಯುವುದಕ್ಕೆ ಸೆನ್ಸರ್ ಏನೂ ಮಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಇವರದ್ದು ಮೂರೂ ಹಿಂದಿನ ಜೋಡಿ ಅಂತ ಬರೆದಿದ್ದಾರಲ್ಲ, ಓದಿದಿರಾ?

ಟಾಮಿ ಹಳಬ:
ಓದಿದೆ. ನೀವೂ 31 ವರ್ಷ ಓಡಿಸಿ, ಆಮೇಲೆ ಮಾತಾಡೋಣ.

ಎರಡು ಗಾಡಿ ಮಾಲೀಕ:
ಎಲ್ಲರಿಗೂ ಧನ್ಯವಾದ. ಜಗಳ ಬೇಡ. ಟ್ರೇಲರ್ ಬಾಲದ ತನಕ ಸಿಗ್ನಲ್ ಬರುತ್ತದಾ ಅಂತ ಕೇಳಿದ್ದೆ, ಅದನ್ನು ಯಾರೂ ಹೇಳಲಿಲ್ಲ.

ಆರು ವರ್ಷದ ಸೆಟ್:
ನನ್ನದರಲ್ಲಿ ಬರಲಿಲ್ಲ. ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಹಾಕಿಸಿದೆ, ಟ್ರೇಲರ್ ಚಾಸಿಸ್ ಮಧ್ಯಕ್ಕೆ. ಕರೆಂಟ್ ಟೇಲ್‌ಲೈಟ್ ವೈರ್‌ನಿಂದ ಕೊಡಬೇಡಿ, ನಾನು ಕೊಟ್ಟಿದ್ದೆ. ಹಗಲು ಲೈಟ್ ಆಫ್ ಇದ್ದಾಗ ರಿಪೀಟರೂ ಆಫ್. ಹಗಲು ಟ್ರೇಲರ್ ಟೈರ್‌ಗಳ ಲೆಕ್ಕವೇ ಇಲ್ಲದೆ ಎಂಟು ದಿನ ಓಡಿಸಿದೆ.

ಗಾಳಿ ಹೊಡೆಯುವವ:
ಆ 112ರ ಫೋಟೋ ಎಲ್ಲಿ?