ಚಿಕ್ಕ ಏರ್‌ಲೈನ್‌ನಿಂದ ಇಳಿದು ವಿದೇಶದ ವಿಮಾನ ಹತ್ತಲು ಮೂರು ಗಂಟೆ ಸಾಕಾ?

ಕಿಟಕಿ ಸೀಟು:
ಮುಂದಿನ ತಿಂಗಳು ಒಂದು ಸಣ್ಣ ಊರಿಂದ ಹೊರಟು, ದೊಡ್ಡ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ವಿದೇಶಕ್ಕೆ ಹೋಗಬೇಕು. ಆ ಊರಿಗೆ ಬರುವುದು ಒಂದೇ ಏರ್‌ಲೈನ್. ಅದು ಹಾರುವುದೇ ಏಳೆಂಟು ಊರಿಗೆ. ದಿನಕ್ಕೆ ಒಂದೇ ವಿಮಾನ, ವಾರದಲ್ಲಿ ಕೆಲವು ದಿನ ಅದೂ ಇಲ್ಲ. ಎರಡು ಟಿಕೆಟ್ ಬೇರೆ ಬೇರೆ ತೆಗೆದರೆ ಅಗ್ಗ ಬೀಳುತ್ತದೆ, ಮಧ್ಯೆ ಮೂರು ಗಂಟೆ ಸಿಗುತ್ತದೆ. ಸಾಕಾಗುತ್ತಾ? ಇನ್ನೊಂದು ವಿಷಯ, ಅದು ಫ್ಯಾನ್ ಇರುವ ವಿಮಾನವಂತೆ. ಮನೆಯಲ್ಲಿ ಅದನ್ನು ಕೇಳಿಯೇ ಹೆದರಿದ್ದಾರೆ. ಸುಮ್ನೆ ಧೈರ್ಯ ಹೇಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ಲೇಓವರ್ ಪ್ರೇಮಿ:
ಎರಡು ಟಿಕೆಟ್ ಅಂದರೆ ಎರಡು ಬೇರೆ ಬೇರೆ ಒಪ್ಪಂದ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ದೊಡ್ಡ ಏರ್‌ಲೈನ್‌ನವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಯಾಕೆ ಅಂತ ಅವರು ಕೇಳುವುದಿಲ್ಲ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟ್‌ನಲ್ಲಿರುವ ವಾಪಸ್ ಪ್ರಯಾಣವೂ ಸಾಮಾನ್ಯವಾಗಿ ರದ್ದಾಗುತ್ತದೆ.

ಆ ಮೂರು ಗಂಟೆಯೂ ಪೂರ್ತಿ ನಿಮ್ಮದಲ್ಲ. ವಿದೇಶದ ವಿಮಾನದ ಕೌಂಟರ್ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುವುದು ಮಾಮೂಲು. ಅಷ್ಟರೊಳಗೆ ಬ್ಯಾಗ್ ಬೆಲ್ಟ್‌ನಿಂದ ಬರಬೇಕು, ನೀವು ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು, ಟರ್ಮಿನಲ್ ಬೇರೆಯಾದರೆ ಅದೂ ಸೇರಿತು.

ಆ ಚಿಕ್ಕ ಏರ್‌ಲೈನ್‌ಗೆ ದೊಡ್ಡವರ ಜೊತೆ ಇಂಟರ್‌ಲೈನ್ ಅಥವಾ ಕೋಡ್‌ಶೇರ್, ಅಂದರೆ ಒಬ್ಬರ ಟಿಕೆಟ್‌ನಲ್ಲಿ ಇನ್ನೊಬ್ಬರ ವಿಮಾನ ಹತ್ತಲು ಬಿಡುವ ಒಪ್ಪಂದ, ಇದೆಯಾ ಅಂತ ಮೊದಲು ನೋಡಿ. ಇದ್ದರೆ ಎರಡೂ ಒಂದೇ ಟಿಕೆಟ್‌ನಲ್ಲಿ ಸಿಗುತ್ತವೆ. ಆಗ ಕನೆಕ್ಷನ್ ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವ ಹೊಣೆ ಅವರದು. ಇಲ್ಲದಿದ್ದರೆ ಹಿಂದಿನ ದಿನವೇ ಹೊರಡಿ. ಅಲ್ಲೊಂದು ರಾತ್ರಿ ತಂಗುವ ಖರ್ಚು ಸೇರಿಸಿ ಲೆಕ್ಕ ಹಾಕಿ, ಆಗಲೂ ಅಗ್ಗವೇ ಅಂತ ನೋಡಿ.

ರನ್‌ವೇ ಪಕ್ಕ:
ನಾನು ನೆಲದ ಮೇಲಿನ ಕೆಲಸದವನು, ಒಳಗಿನ ಕಥೆ ಹೇಳುತ್ತೇನೆ. ದೊಡ್ಡ ಏರ್‌ಲೈನ್‌ನಲ್ಲಿ ಒಂದು ವಿಮಾನ ಕೆಟ್ಟರೆ ಬೇರೆ ಕಡೆಯಿಂದ ಇನ್ನೊಂದನ್ನು ಎಳೆದು ತರಬಹುದು. ಚಿಕ್ಕವರ ಹತ್ತಿರ ಇರುವುದೇ ಬೆರಳೆಣಿಕೆ ವಿಮಾನ, ಹೆಚ್ಚುವರಿ ಅನ್ನುವುದೇ ಇರುವುದಿಲ್ಲ. ಒಂದೇ ವಿಮಾನ ಬೆಳಗ್ಗೆಯಿಂದ ರಾತ್ರಿವರೆಗೆ ಊರಿಂದ ಊರಿಗೆ ಹಾರುತ್ತಲೇ ಇರುತ್ತದೆ. ಬೆಳಗ್ಗೆ ಮಂಜಿನಿಂದ ಅರ್ಧ ಗಂಟೆ ತಡವಾಯಿತು ಅನ್ನಿ, ಸಂಜೆಯ ಹೊತ್ತಿಗೆ ಅದು ಎರಡು ಗಂಟೆಯಾಗಿರುತ್ತದೆ, ಅಷ್ಟರಲ್ಲಿ ಪೈಲಟ್‌ನ ಡ್ಯೂಟಿ ಅವಧಿ ಮುಗಿದರೆ ಕೊನೆಯ ಹಾರಾಟ ರದ್ದೇ, ಯಾಕೆಂದರೆ ಆ ಮಿತಿ ಕಾನೂನಿನದು, ಏರ್‌ಲೈನ್ ತನಗೆ ಬೇಕಾದ ಹಾಗೆ ಸಡಿಲಿಸುವ ಹಾಗಿಲ್ಲ. ಅದಕ್ಕೇ ಆಯ್ಕೆ ಇದ್ದರೆ ದಿನದ ಮೊದಲ ವಿಮಾನ ಹಿಡಿಯಿರಿ. ಆಯ್ಕೆ ಇಲ್ಲದಿದ್ದರೆ, ನಿಮ್ಮ ವಿಮಾನ ಅದಕ್ಕೂ ಮೊದಲು ಎಲ್ಲಿದೆ ಅಂತ ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ನೋಡುತ್ತಿರಿ. ಎಷ್ಟೋ ಸಲ ಬೋರ್ಡ್‌ನಲ್ಲಿ ಬರುವ ಮೊದಲೇ ಅಲ್ಲಿ ಗೊತ್ತಾಗುತ್ತದೆ.

ಲಗೇಜ್ ಬಗ್ಗೆಯೂ ಹೇಳಬೇಕು. ರನ್‌ವೇ ಚಿಕ್ಕದಿದ್ದು ಬಿಸಿಲು ಜೋರಾಗಿದ್ದರೆ ವಿಮಾನ ಹೊರಬಲ್ಲ ಭಾರ ಕಡಿಮೆಯಾಗುತ್ತದೆ. ಬಿಸಿ ಗಾಳಿ ತೆಳು, ರೆಕ್ಕೆಗೂ ಎಂಜಿನ್‌ಗೂ ಶಕ್ತಿ ಸಾಲುವುದಿಲ್ಲ. ಆಗ ಕೆಲವು ಬ್ಯಾಗ್ ಇಳಿಸಿ ಮುಂದಿನ ವಿಮಾನಕ್ಕೆ ಕಳಿಸುತ್ತಾರೆ. ನಿಮ್ಮ ಕೇಸಿನಲ್ಲಿ ಮುಂದಿನದು ಅಂದರೆ ನಾಳೆ! ಔಷಧಿ, ಕಾಗದಪತ್ರ, ಚಾರ್ಜರ್ ಕೈಚೀಲದಲ್ಲೇ ಇರಲಿ.

ಹಿಂದಿನ ಬಾಗಿಲು:
ಫ್ಯಾನ್ ವಿಷಯಕ್ಕೆ ಬರೋಣ. ಒಳಗಿರುವುದು ಜೆಟ್‌ನಂಥದೇ ಟರ್ಬೈನ್ ಎಂಜಿನ್, ಅದು ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ತಿರುಗಿಸುತ್ತದೆ. ಹಳೆಯ ಕಾಲದ್ದು ಅಂತ ಅಲ್ಲ, ಕಡಿಮೆ ದೂರಕ್ಕೆ ಇದರಲ್ಲಿ ಇಂಧನ ಉಳಿಯುತ್ತದೆ ಅಂತ ಇಡುತ್ತಾರೆ. ಎಟಿಆರ್ 72 ಅನ್ನುವ ಮಾದರಿ ಆದರೆ ಸುಮಾರು 70 ಸೀಟು, ವೇಗ ಗಂಟೆಗೆ 500 ಕಿಮೀ ಆಸುಪಾಸು. 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ ಜೆಟ್‌ಗಳು ದಾಟಿ ಹೋಗುವ ಮೋಡದೊಳಗೇ ಇದು ಕೆಲವೊಮ್ಮೆ ನುಗ್ಗಬೇಕು, ಕುಲುಕಾಟ ಇರುತ್ತದೆ. ಅದು ಹೊಟ್ಟೆ ತೊಳಸಬಹುದು, ವಿಮಾನಕ್ಕೇನೂ ಆಗುವುದಿಲ್ಲ.

ಎಟಿಆರ್‌ನಲ್ಲಿ ಹತ್ತುವುದು ಹಿಂದಿನ ಬಾಗಿಲಿಂದ. ಹಿಂದೆ ಕೂತರೆ ಸದ್ದು ಕಡಿಮೆ, ಇಳಿಯುವುದೂ ಮೊದಲು. ಮೇಲಿನ ಡಬ್ಬಿ ಚಿಕ್ಕದು, ಚಕ್ರದ ಕ್ಯಾಬಿನ್ ಬ್ಯಾಗ್ ಅದರಲ್ಲಿ ಹಿಡಿಸದಿದ್ದರೆ ಮೆಟ್ಟಿಲ ಹತ್ತಿರವೇ ಸಿಬ್ಬಂದಿ ಅದನ್ನು ತೆಗೆದುಕೊಳ್ಳಬಹುದು. ಮನೆಯವರಿಗೆ ಇದನ್ನೂ ಹೇಳಿ: ಸ್ಕಾಟ್ಲೆಂಡಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ಮಧ್ಯೆ ಲೋಗನ್‌ಏರ್ ಹಾರಿಸುವುದು ಇನ್ನೂ ಪುಟ್ಟ ಪ್ರೊಪೆಲ್ಲರ್ ವಿಮಾನ. ದೂರ 2.7 ಕಿಮೀ, ಎರಡು ನಿಮಿಷದೊಳಗೆ ಇಳಿದಾಯಿತು. ಅಲ್ಲಿನವರಿಗೆ ಅದು ದಿನನಿತ್ಯದ ಓಡಾಟ.

ಲೇಓವರ್ ಪ್ರೇಮಿ:
ಸುರಕ್ಷತೆ ಅಂದಾಗ ವಿಮಾನದ ಗಾತ್ರಕ್ಕಿಂತ ಕಂಪನಿ ನೋಡಿ. ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾದವರ ಐಒಎಸ್‌ಎ ಅನ್ನುವ ಸುರಕ್ಷತಾ ತಪಾಸಣೆ ಪಾಸಾದವರ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಯುರೋಪಿಯನ್ ಒಕ್ಕೂಟ ನಿಷೇಧಿಸಿದ ಏರ್‌ಲೈನ್‌ಗಳ ಪಟ್ಟಿ 2006ರಿಂದ ಇದೆ. ಎರಡೂ ನೋಡಲು ಐದು ನಿಮಿಷ ಸಾಕು. ಮೊದಲನೆಯದರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಎರಡನೆಯದರಲ್ಲಿ ಇದ್ದರೆ ಮಾತ್ರ ನಾನಂತೂ ಹತ್ತುವುದಿಲ್ಲ.

ಹಾಗೇ ತುಂಬಾ ಮುಂಚೆ ದುಡ್ಡು ಕಟ್ಟುವುದಾದರೆ ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಿ. ಬ್ರಿಟನ್ನಿನ ಫ್ಲೈಬಿ 2020ರ ಮಾರ್ಚ್‌ನಲ್ಲಿ ನಿಂತಿತು, 2022ರಲ್ಲಿ ಮತ್ತೆ ಹಾರಿತು, 2023ರ ಜನವರಿಯಲ್ಲಿ ಮತ್ತೆ ನಿಂತಿತು. ಕಂಪನಿ ಮುಳುಗಿದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡು ವಾಪಸ್, ಕೇಳುವ ದಾರಿಯಾದರೂ ಇರುತ್ತದೆ.

ಊರ ದಾರಿ:
ಎಲ್ಲರೂ ಹೆದರಿಸುವುದೇ ಆಯ್ತಲ್ವಾ! ಚಿಕ್ಕ ಏರ್‌ಲೈನ್ ನನಗೆ ಇಷ್ಟ. ಸಾಲು ಇಲ್ಲ, ಬಸ್ ಇಲ್ಲ, ನಡೆದುಕೊಂಡು ಹೋಗಿ ಹತ್ತುವುದು. ವಿಮಾನ ರದ್ದಾದರೆ ಕೌಂಟರ್‌ನಲ್ಲಿ ಮನುಷ್ಯರು ಸಿಗುತ್ತಾರೆ, ಕಾಲ್ ಸೆಂಟರ್ ಸಂಗೀತ ಕೇಳುತ್ತಾ ಕೂರಬೇಕಿಲ್ಲ. ಕನೆಕ್ಷನ್ ಇಲ್ಲದ ಪ್ರಯಾಣಕ್ಕೆ ನಾನು ಕಣ್ಣು ಮುಚ್ಚಿ ಬುಕ್ ಮಾಡುತ್ತೇನೆ.

ಕಿಟಕಿ ಸೀಟು:
ನೋಡಿದೆ, ಕೋಡ್‌ಶೇರ್ ಇದೆ! ಒಂದೇ ಟಿಕೆಟ್ ಸ್ವಲ್ಪ ದುಬಾರಿ, ಆದರೂ ಅದನ್ನೇ ತೆಗೆಯುತ್ತೇನೆ. ಚಿಕ್ಕವರು 15 ಕಿಲೋ ಅನ್ನುತ್ತಾರೆ, ದೊಡ್ಡವರು 23. ಯಾವುದು ನಡೆಯುತ್ತದೆ?

ರನ್‌ವೇ ಪಕ್ಕ:
ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಇಡೀ ದಾರಿಗೆ ಒಂದೇ ನಿಯಮ, ಟಿಕೆಟ್ ಮೇಲೇ ಅಚ್ಚಾಗಿರುತ್ತದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ, ಸಣ್ಣ ಊರಿನ ಕೌಂಟರ್‌ನಲ್ಲಿ ಅವರ 15 ಕಿಲೋ ಮಾತ್ರ ತಲೆಯಲ್ಲಿರುತ್ತದೆ. ಬ್ಯಾಗ್‌ಗೆ ಕಟ್ಟುವ ಚೀಟಿಯಲ್ಲಿ ಕೊನೆಯ ಊರಿನ ಕೋಡ್ ಇದೆಯಾ ನೋಡಿಯೇ ಅಲ್ಲಿಂದ ಹೊರಡಿ.