ಮಹಡಿಯ ದ್ರಾಕ್ಷಿ: ಎಲೆ ಬಂತು, ಗೊನೆ ಬರಲಿಲ್ಲ

ಪುಣೆಯ ಹಡಪಸರದಿಂದ ಪ್ರಶ್ನೆ:
ಮೂರು ವರ್ಷದ ಹಿಂದೆ ಸಾಂಗ್ಲಿಯಿಂದ ತಂದು ನೆಟ್ಟ ಥಾಮ್ಸನ್ ಎಂಬ ಬೀಜವಿಲ್ಲದ ದ್ರಾಕ್ಷಿಯ ಬಳ್ಳಿ ನಮ್ಮ ಮಹಡಿಯ ಚಪ್ಪರದ ತುಂಬ ಹಬ್ಬಿದೆ. ಒಂದು ಗೊನೆಯೂ ಇಲ್ಲ. ಗೊಬ್ಬರ ಹೆಚ್ಚಿಸಿದೆ, ಎಲೆ ಇನ್ನಷ್ಟು ಅಗಲವಾಯಿತು, ಅಷ್ಟೆ. ಮನೆಯಲ್ಲಿ ಬೆಳೆದವರು ದಯವಿಟ್ಟು ಹೇಳಿ. ಈ ಸೆಪ್ಟೆಂಬರ್‌ನಲ್ಲಿ ಮಾಡುವಂಥದ್ದು ಏನಾದರೂ ಇದೆಯೇ?

ಕೋಥರೂಡಿನಿಂದ:
ಅಕ್ಕಾ, ಗೊಬ್ಬರ ನಿಲ್ಲಿಸಿ, ಕತ್ತರಿ ಹಿಡಿಯಿರಿ. ವಿಜಯಪುರದ ಕಡೆಯ ತಿಕೋಟಾದಲ್ಲಿ ನಮ್ಮ ಮಾವನವರದು ದ್ರಾಕ್ಷಿ ತೋಟ. ಮದುವೆಯಾದ ಹೊಸದರಲ್ಲಿ ಏಪ್ರಿಲ್‌ನಲ್ಲಿ ಹೋದಾಗ ಇಡೀ ತೋಟ ಬೋಳಾಗಿತ್ತು. ಏನೋ ರೋಗ ಬಡಿದಿದೆ ಎಂದು ಸಂತಾಪದ ಮುಖ ಮಾಡಿಕೊಂಡೆ. ಅವರು ನಕ್ಕು, "ಚಾಟ್ನಿ ಆಗಿದೆ" ಎಂದರು. ಚಾಟ್ನಿ ಎಂದರೆ ಬಳ್ಳಿಯನ್ನು ಕತ್ತರಿಸಿ ಸವರುವುದು.

ಚಳಿ ದೇಶಗಳಲ್ಲಿ ಬಳ್ಳಿ ಎಲೆ ಉದುರಿಸಿ ತಾನೇ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಬರೀ ಹಬ್ಬುತ್ತದೆ. ಏಪ್ರಿಲ್‌ನಲ್ಲಿ ಕಡ್ಡಿಗೆ ಒಂದೊಂದು ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಸಿ ಗಿಡ್ಡಕ್ಕೆ ಸವರಬೇಕು. ಆಮೇಲೆ ಹೊರಡುವ ಹೊಸ ಕಡ್ಡಿಯ ಕಣ್ಣಿನೊಳಗೆ ಸುಮಾರು ಎರಡು ತಿಂಗಳಲ್ಲಿ ಮುಂದಿನ ಗೊನೆ ರೂಪುಗೊಳ್ಳುತ್ತದೆ; ಆಗ ಬಿಸಿಲು ಬೇಕೇ ಬೇಕು. ಅಕ್ಟೋಬರ್‌ನದು ಎರಡನೆಯ ಚಾಟ್ನಿ, ಆ ಗೊನೆಯನ್ನು ಹೊರತರುವುದಕ್ಕೆ. ನಾನು ಎರಡು ವರ್ಷ ಕಳೆದುಕೊಂಡದ್ದು ಇಲ್ಲಿಯೇ. ಆಗಲೂ ಗಿಡ್ಡಕ್ಕೆ ಕತ್ತರಿಸಿದ್ದೆ. ಥಾಮ್ಸನ್‌ನಲ್ಲಿ ಬುಡದ ಕಣ್ಣುಗಳು ಹೆಚ್ಚಾಗಿ ಬರಡು, ಎಂಟು ಹತ್ತು ಕಣ್ಣಾದರೂ ಉಳಿಸಬೇಕು.

ಮೂರನೆಯ ವರ್ಷ ಹನ್ನೊಂದು ಗೊನೆ ಬಂದವು. ಕಾಳು ಮಾತ್ರ ಪುಟ್ಟದು. ಅಂಗಡಿಯ ದಪ್ಪ ಕಾಳಿನ ಹಿಂದೆ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನಿನ ಉಪಚಾರವಿದೆ, ನಮ್ಮದರಲ್ಲಿ ಅದಿಲ್ಲ. ಮಾವನವರಿಗೆ ಫೋಟೋ ಕಳುಹಿಸಿದರೆ, "ಅಳಿಯಂದಿರೇ, ನೇರ ಒಣದ್ರಾಕ್ಷಿಯನ್ನೇ ಬೆಳೆದಿದ್ದೀರಲ್ಲ" ಎಂದರು.

ಮುಂಬಯಿ ಬಳಿಯ ಡೊಂಬಿವಲಿಯಿಂದ:
ಪುಣೆಯವರು ಪುಣ್ಯವಂತರು. ನಮ್ಮ ಕಡೆ ಮಳೆಗಾಲದಲ್ಲಿ ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಜು. ಡೌನಿ ರೋಗ. ಥಾಮ್ಸನ್ ಎರಡು ಬಾರಿ ಹೋಯಿತು. ಈಗ ತವರಿನಿಂದ ತಂದ ಬೆಂಗಳೂರು ಬ್ಲೂ ತಳಿ ಇದೆ; ಬೀಜವಿದೆ, ಸಿಪ್ಪೆ ದಪ್ಪ, ಆದರೆ ಗಟ್ಟಿಗ. ಡೌನಿ ಮಾತ್ರ ಇದನ್ನೂ ಬಿಡುವುದಿಲ್ಲ. ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮನೆಯಲ್ಲೇ ಮಾಡುತ್ತೇನೆ: ಒಂದು ಲೀಟರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ ಬೆರೆಸುವುದು. ಕಬ್ಬಿಣದ ಚಾಕು ಅದ್ದಿದಾಗ ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ. ನೀರು ಬುಡಕ್ಕೆ ಮಾತ್ರ ಹಾಕಿ, ಎಲೆಗೆ ಬೇಡ.

ಮಡಗಾಂವಿನಿಂದ:
ನಾಲ್ಕು ಮಳೆಗಾಲ ಹೋರಾಡಿ ಸೋತೆ. ಅದೇ ಚಪ್ಪರದಲ್ಲಿ ಈಗ ಬಸಳೆ ಹಬ್ಬಿದೆ. ಮನೆಯವರೆಲ್ಲ ಸುಖವಾಗಿದ್ದಾರೆ.

ಮತ್ತೆ ಕೋಥರೂಡಿನಿಂದ:
ಸೆಪ್ಟೆಂಬರ್‌ನ ವಿಷಯ ಬಿಟ್ಟೇಹೋಯಿತು. ಏಪ್ರಿಲ್ ಚಾಟ್ನಿ ಆಗಿಲ್ಲದ್ದರಿಂದ ಈ ಸಲ ಹೆಚ್ಚು ಆಸೆ ಬೇಡ. ಆದರೂ ಪೆನ್ಸಿಲ್ ದಪ್ಪವಾಗಿ, ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಗಳಿದ್ದರೆ ಈಗಲೇ ದಾರ ಕಟ್ಟಿ ಗುರುತು ಮಾಡಿಡಿ. ಮಳೆ ಹಿಂದೆ ಸರಿದ ಮೇಲೆ ಅವನ್ನು ಎಂಟು ಕಣ್ಣಿಗೆ ಕತ್ತರಿಸಿ ನೋಡೋಣ. ಗೊನೆ ಕಂಡರೆ ಬಲೆ ಹಾಕುವುದನ್ನು ಮರೆಯಬೇಡಿ, ಹಡಪಸರದ ಬುಲ್‌ಬುಲ್‌ಗಳೂ ಮೂರು ವರ್ಷದಿಂದ ಕಾಯುತ್ತಿರಬೇಕು.